ಅಗತ್ತಿಯ ಆಮೆ ದೋಣಿ: ಎಂಜಿನ್ ಬಂದ್ ಮಾಡುವವರಿಗೆ ಮಾತ್ರ ದುಡ್ಡು ಕೊಡಿ

ಲಕ್ಷದ್ವೀಪದಿಂದ ಬಂದ ಮೇಲೆ ನಮ್ಮೂರು ಕಾಸರಗೋಡಿನ ನೀರ್ಚಾಲಿನಲ್ಲಿ ಸಿಕ್ಕಿದವರೆಲ್ಲ ಕೇಳುವುದು ಒಂದೇ: "ಆಮೆ ಕಂಡಿತಾ?" ಕಂಡಿತು. ಅಗತ್ತಿ ದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲಿನಲ್ಲಿ, ಆಮೆ ಕಾಣುವುದು ದೊಡ್ಡ ಸಂಗತಿಯೇ ಅಲ್ಲ. ಜೆಟ್ಟಿಯ ಮೇಲೆ ಸ್ವಲ್ಪ ಹೊತ್ತು ನಿಂತರೂ ಒಂದು ತಲೆ ಮೇಲೆ ಬಂದು ಉಸಿರು ತೆಗೆದುಕೊಂಡು ಹೋಗುತ್ತದೆ. ಆದ್ದರಿಂದ "ಆಮೆ ಗ್ಯಾರಂಟಿ" ಎಂದು ಹೇಳುವ ದೋಣಿಯವರಿಗೆ ಅದಕ್ಕಾಗಿ ಮಾರ್ಕ್ ಕೊಡಬೇಡಿ. ಆಮೆ ಕಂಡ ಮೇಲೆ ಅವರು ಎಂತ ಮಾಡುತ್ತಾರೆ ಎಂದು ನೋಡಿ, ಮತ್ತೆ ಕೊಡಿ. ನಾವು ಎರಡು ದೋಣಿ ಹತ್ತಿದೆವು. ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ ಐದರಲ್ಲಿ ನಾಲ್ಕೂವರೆ. ರೇಟು ಎರಡಕ್ಕೂ ಹೆಚ್ಚುಕಡಿಮೆ ಒಂದೇ, ತಲೆಗೆ ಸಾವಿರದೈನೂರು.

ಎರಡರ ಹೆಸರನ್ನೂ ಹಾಕುವುದಿಲ್ಲ. ಅಲ್ಲಿ ಒಂದೇ ದೋಣಿಯಲ್ಲಿ ಈ ಸೀಸನ್ ಒಬ್ಬ, ಮುಂದಿನ ಸೀಸನ್ ಇನ್ನೊಬ್ಬ. ಹೆಸರು ನೆಚ್ಚಿಕೊಂಡು ಹೋದರೆ ನಿಮಗೆ ಸಿಗುವುದು ಬೇರೆಯೇ ಹುಡುಗರು. ಬದಲಿಗೆ ಎಂತದ್ದನ್ನು ಗಮನಿಸಬೇಕು ಎಂದು ಬರೆಯುತ್ತೇನೆ.

ಹೋದದ್ದು ಕ್ರಿಸ್‌ಮಸ್ ರಜೆಯಲ್ಲಿ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಕನ್ನಡ ಮಾಧ್ಯಮ. ಯಜಮಾನರು ಅಡಿಕೆ ಕೃಷಿಕರು. ಎಂಟನೇ ಕ್ಲಾಸಿನ ಮಗಳು, ಎಪ್ಪತ್ತು ದಾಟಿದ ಅತ್ತೆ. ಈಜು ಬರುವುದು ಮಗಳಿಗೆ ಮಾತ್ರ. ನನಗೆ ತೋಟದ ಕೆರೆಯಲ್ಲಿ ಕಲಿತ ನಾಯಿ ಈಜು. ಅತ್ತೆ ನೀರಿಗೆ ಇಳಿಯುವ ಮಾತೇ ಇಲ್ಲ. ಇಂಥ ಕುಟುಂಬಕ್ಕೆ ಆಮೆ ನೋಡುವ ಪ್ರವಾಸ ಆಗುತ್ತದಾ ಎಂದು ಕೇಳಿದರೆ, ಆಗುತ್ತದೆ. ಅತ್ತೆಯೇ ಎಲ್ಲರಿಗಿಂತ ಚೆನ್ನಾಗಿ ನೋಡಿದ್ದು.

ಪ್ರಯಾಣದ ವಿಷಯ ಬೇಗ ಮುಗಿಸುತ್ತೇನೆ. ಕಾಸರಗೋಡಿನಿಂದ ರಾತ್ರಿ ರೈಲಿನಲ್ಲಿ ಕೊಚ್ಚಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಪ್ರವೇಶ ಅನುಮತಿ ಪತ್ರ ಮೊದಲೇ ಮಾಡಿಸಬೇಕು, ಅದಿಲ್ಲದೆ ಟಿಕೆಟ್ ಇದ್ದೂ ಪ್ರಯೋಜನ ಇಲ್ಲ. ಹಡಗಿನಲ್ಲಿ ಹೋದರೆ ಖರ್ಚು ಕಡಿಮೆ, ಆದರೆ ಅತ್ತೆಗೆ ವಾಂತಿಯ ಭಯ. ಮಂಗಳೂರಿನಿಂದಲೇ ಪ್ರಯಾಣಿಕರ ಹಡಗು ಸರಿಯಾಗಿ ಓಡುವ ಹಾಗಿದ್ದರೆ ನಮಗೆ ಎಷ್ಟು ಸುಲಭ ಅಲ್ವಾ? 2024ರ ಮೇ ತಿಂಗಳಲ್ಲಿ ಒಂದು ಹೈಸ್ಪೀಡ್ ಹಡಗು ಬಂದು ಹೋದಾಗ ನಮ್ಮ ಕಡೆ ದೊಡ್ಡ ಸುದ್ದಿ ಆಗಿತ್ತು. ಸರಕು ಮಾತ್ರ ಮಂಗಳೂರಿನ ಹಳೆ ಬಂದರಿನಿಂದ ಹೋಗುತ್ತಲೇ ಇದೆ. ನಮಗೂ ಆ ದ್ವೀಪಗಳಿಗೂ ಹಳೆ ಸಂಬಂಧವೇ ಉಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದೇ ನವೆಂಬರ್ ಒಂದಕ್ಕೆ ನಾವು ಕೇರಳಕ್ಕೆ, ಅವು ಕೇಂದ್ರಾಡಳಿತಕ್ಕೆ. ಇದನ್ನು ಹೋಮ್‌ಸ್ಟೇಯ ಅಜ್ಜನಿಗೆ ಹೇಳಿದೆ. "ಹಾಗಾದರೆ ನಾವು ಒಂದೇ ಮನೆಯಿಂದ ಪಾಲಾದವರು" ಎಂದು ನಕ್ಕರು. ಅಗತ್ತಿ ಆ ಪಾಲಿನಲ್ಲಿ ಇರಲಿಲ್ಲ, ಅದು ಮಲಬಾರಿನ ಕಡೆಯದು. ಅದನ್ನು ಹೇಳಿ ಅವರ ಖುಷಿ ಕೆಡಿಸಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ಊಟ ಎಂದರೆ ಟ್ಯೂನಾ. ಸಾರಿನಲ್ಲಿ, ಪಲ್ಯದಲ್ಲಿ, ಸಂಜೆ ತಿಂಡಿಯಲ್ಲೂ ಅದೇ. ತರಕಾರಿ ಹಡಗಿನಲ್ಲಿ ಬರಬೇಕು, ಬಂದದ್ದು ಮುಗಿದರೆ ಮುಗಿಯಿತು. ಹೋಮ್‌ಸ್ಟೇಯವರು ನಮಗಾಗಿ ಬೇರೆ ಪಾತ್ರೆಯಲ್ಲಿ ಅನ್ನ, ಬೇಳೆಯ ಪರಿಪ್ಪು ಕರಿ, ತೆಂಗಿನ ಚಟ್ನಿ ಮಾಡಿಕೊಟ್ಟರು. ಉಳಿದದ್ದಕ್ಕೆ ಅತ್ತೆಯ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಹಪ್ಪಳದ ಅರ್ಧ ಕಟ್ಟು ಆ ಮನೆಯವರೇ ಖಾಲಿ ಮಾಡಿದರು.

ಇನ್ನು ದೋಣಿಗೆ ಬರುತ್ತೇನೆ.

ಮೊದಲನೆಯದನ್ನು ಮಗ ಬೆಂಗಳೂರಿನಿಂದಲೇ ಫೋನಿನಲ್ಲಿ ಬುಕ್ ಮಾಡಿದ್ದ. ಫೋಟೋಗಳು ಬಹಳ ಚೆಂದ. ಬೆಳಿಗ್ಗೆ ಹತ್ತೂವರೆಗೆ ಹೊರಟೆವು. ನಮ್ಮ ಜೊತೆ ಇನ್ನೊಂದು ಗುಂಪು, ದೋಣಿಯ ಸ್ಪೀಕರಿನಲ್ಲಿ ಹಾಡು. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಒಂದು ದೊಡ್ಡ ಆಮೆ ಕೆಳಗೆ ಕಡಲಹುಲ್ಲು ಮೇಯುತ್ತಿರುವುದು ದೋಣಿಯಿಂದಲೇ ಕಾಣುತ್ತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಬರಹವನ್ನೇ ಬರೆಯುತ್ತಿರಲಿಲ್ಲವೋ ಏನೋ. ಆದರೆ ಅವರು ಎಂಜಿನ್ ಬಂದ್ ಮಾಡಲಿಲ್ಲ. ಆಮೆ ಹೋದ ಕಡೆ ದೋಣಿ. ಅದು ಎಡಕ್ಕೆ ತಿರುಗಿದರೆ ಇವರೂ ಎಡಕ್ಕೆ. ಇನ್ನೊಂದು ದೋಣಿಗೆ ಕೂಗಿ ಕರೆದರು, ಅದು ಆ ಬದಿಯಿಂದ ಬಂತು. ಆಮೆ ಮಧ್ಯದಲ್ಲಿ. ಒಬ್ಬ ಹುಡುಗ ಧುಮುಕಿ ಅದರ ಚಿಪ್ಪನ್ನು ಎರಡೂ ಬದಿಯಿಂದ ಹಿಡಿದು ನೀರಿನ ಮೇಲಕ್ಕೆ ಎತ್ತಿದ. "ಬೇಗ, ಬೇಗ, ಫೋಟೋ!" ಆಮೆ ಮುಂಗಾಲು ಬಡಿಯುತ್ತಿತ್ತು. ಜೊತೆಯ ಗುಂಪಿನವರು ಒಬ್ಬೊಬ್ಬರಾಗಿ ಅದರ ಬೆನ್ನು ಮುಟ್ಟಿ ರೀಲ್ ಮಾಡಿದರು.

ಮಗಳು ಕ್ಯಾಮೆರಾ ಕೆಳಗಿಟ್ಟಳು. ನಾನು ಮಲಯಾಳದಲ್ಲಿ "ಬಿಟ್ಟುಬಿಡು ಮೋನೇ, ಅದು ಉಸಿರು ತೆಗೆದುಕೊಳ್ಳಲಿ" ಎಂದೆ. "ಅದಕ್ಕೆ ಏನೂ ಆಗುವುದಿಲ್ಲ ಟೀಚರೇ, ದಿನಾ ಮಾಡುತ್ತೇವೆ" ಎಂದ. ದಿನಾ ಮಾಡುವುದೇ ಅಲ್ವಾ ತೊಂದರೆ? ನಾವು ದಡಕ್ಕೆ ಬಿಡಲು ಹೇಳಿದೆವು. ದುಡ್ಡು ಅರ್ಧವಾದರೂ ವಾಪಸ್ ಕೊಡಿ ಎಂದರೆ ಕೇಳಿಸದವರ ಹಾಗೆ ಮಾಡಿದರು.

ಆಮೆ ಮೀನಲ್ಲ, ಅದಕ್ಕೆ ಶ್ವಾಸಕೋಶ ಇರುವುದು. ಸುಮ್ಮನೆ ಮಲಗಿದ್ದರೆ ಗಂಟೆಗಟ್ಟಲೆ ನೀರೊಳಗೆ ಇರಬಲ್ಲದು. ಓಡಿಸಿದರೆ ಹಾಗಲ್ಲ. ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ, ಮತ್ತೆ ಮತ್ತೆ ಮೇಲೆ ಬರಬೇಕಾಗುತ್ತದೆ. ಅದು ಮೇಲೆ ಬರುವ ಜಾಗದಲ್ಲೇ ತಿರುಗುವ ಪ್ರೊಪೆಲ್ಲರ್ ಇದ್ದರೆ? ಚಿಪ್ಪು ಗಟ್ಟಿ ಎಂದು ನಮಗೆ ಕಾಣುತ್ತದೆ ಅಷ್ಟೆ, ಅದು ಜೀವ ಇರುವ ಎಲುಬು. ಬೆನ್ನೆಲುಬು, ಪಕ್ಕೆಲುಬು ಅದಕ್ಕೇ ಅಂಟಿಕೊಂಡಿರುತ್ತವೆ. ಪ್ರೊಪೆಲ್ಲರ್ ತಾಗಿದರೆ ಸೀಳಿಹೋಗುತ್ತದೆ.

ಕಾನೂನೂ ಹೇಳಿಬಿಡುತ್ತೇನೆ, ಯಾಕೆಂದರೆ ದೋಣಿಯಲ್ಲಿದ್ದ ಯಾರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ನಮ್ಮ ದೇಶದ ಕಡಲಿನಲ್ಲಿ ಸಿಗುವ ಐದೂ ಜಾತಿಯ ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಕೊಂದರೆ ಮಾತ್ರ ಬೇಟೆ ಎಂದು ಕಾಯ್ದೆ ಹೇಳುವುದಿಲ್ಲ. ಹಿಡಿಯುವುದು, ಅಟ್ಟುವುದು, ಆಹಾರದ ಆಸೆ ತೋರಿಸಿ ಕರೆಯುವುದು ಎಲ್ಲವೂ ಬೇಟೆಯ ಲೆಕ್ಕದಲ್ಲೇ ಬರುತ್ತವೆ. ಆ ಪಟ್ಟಿಯ ಪ್ರಾಣಿಗಾದರೆ ಮೂರರಿಂದ ಏಳು ವರ್ಷ ಜೈಲು. ರೀಲ್ ಹಾಕುವವರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಊರಿಗೆಲ್ಲ ಹಂಚುತ್ತಿದ್ದಾರೆ.

ಎರಡನೇ ದೋಣಿ ಸಿಕ್ಕಿದ್ದು ಹೋಮ್‌ಸ್ಟೇಯ ಅಡುಗೆಯವರ ಮೂಲಕ. ಅವರ ಚಿಕ್ಕಪ್ಪ ವರ್ಷಗಟ್ಟಲೆ ಟ್ಯೂನಾ ಹಿಡಿಯುತ್ತಿದ್ದವರು. ವಯಸ್ಸಾದ ಮೇಲೆ ಹೊರಗಿನ ಕಡಲಿಗೆ ಹೋಗುವುದಿಲ್ಲ, ಲಗೂನಿನಲ್ಲೇ ಸಣ್ಣ ದೋಣಿ. ಬೆಳಿಗ್ಗೆ ಏಳಕ್ಕೆ ಬನ್ನಿ, ಗಾಳಿ ಎದ್ದರೆ ನೀರು ಕಲಕುತ್ತದೆ, ಏನೂ ಕಾಣುವುದಿಲ್ಲ ಎಂದರು. ಜೆಟ್ಟಿ ದಾಟಿ ಸ್ವಲ್ಪ ದೂರ ಎಂಜಿನ್, ಅದೂ ನಿಧಾನ. ಹುಲ್ಲಿನ ಜಾಗ ಹತ್ತಿರ ಬಂದದ್ದೇ ಬಂದ್. ಆ ಮೇಲೆ ಉದ್ದದ ಗಳ ಹಾಕಿ ನೂಕಿದರು. ಒಂದು ಕಡೆ ನಿಲ್ಲಿಸಿ, ಟೋಪಿ ಮುಖಕ್ಕೆ ಎಳೆದು ಸುಮ್ನೆ ಕೂತರು.

ಯಜಮಾನರಿಗೆ ಹತ್ತು ನಿಮಿಷದಲ್ಲಿ ಚಡಪಡಿಕೆ. "ಇಕ್ಕಾ, ಆ ಕಡೆ ಒಂದು ಕಾಣ್ತದೆ, ಸ್ವಲ್ಪ ಹತ್ತಿರ ಹೋಗುವಾ?" ಇಕ್ಕ ಎಂದರೆ ಅಣ್ಣ, ದೋಣಿಯ ಆ ಹಿರಿಯರನ್ನು ನಾವು ಹಾಗೆಯೇ ಕರೆದದ್ದು. ಅವರು ಬೇಡ ಎಂದು ತಲೆ ಅಲ್ಲಾಡಿಸಿದರು. ಅತ್ತೆಯೇ ಉತ್ತರ ಕೊಟ್ಟರು. ಅವರ ತವರು ಕುಂಬಳೆಯ ಹತ್ತಿರ, ಅನಂತಪುರ ದೇವಸ್ಥಾನದ ಬಬಿಯಾ ಮೊಸಳೆಯನ್ನು ನೋಡುತ್ತಲೇ ದೊಡ್ಡವರಾದವರು. 2022ರಲ್ಲಿ ಅದು ಸತ್ತಾಗ ಮನೆಯಲ್ಲಿ ಊಟ ಮಾಡಿರಲಿಲ್ಲ. "ಬಬಿಯಾನನ್ನು ನೀನು ಕರೆದರೆ ಬರ್ತಿತ್ತಾ? ಅದಕ್ಕೆ ಮನಸ್ಸು ಬಂದಾಗ ಬರ್ತಿತ್ತು. ಕಾಣದ ದಿನ ಪ್ರದಕ್ಷಿಣೆ ಹಾಕಿ ಮನೆಗೆ ಬರ್ತಿದ್ದೆವು. ಕೂತುಕೋ" ಎಂದು ಮಗನನ್ನು ಕೂರಿಸಿದರು.

ಆಮೆಗಳೇ ಬಂದವು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ನಾನು ನೋಡಲಿಲ್ಲ. ಮೊದಲು ಒಂದು ಸಣ್ಣದು, ಆ ಮೇಲೆ ಎರಡು ದೊಡ್ಡವು. ಎಲ್ಲವೂ ಹಸಿರು ಆಮೆ. ಚಿಪ್ಪು ಹಸಿರಲ್ಲ, ಕಂದು, ಮೇಲೆ ಸೂರ್ಯನ ಕಿರಣದಂಥ ಗೆರೆಗಳು. ಒಳಗಿನ ಕೊಬ್ಬಿನ ಬಣ್ಣದಿಂದ ಆ ಹೆಸರು. ದೊಡ್ಡದಾದ ಮೇಲೆ ಇವು ಹೆಚ್ಚಾಗಿ ಹುಲ್ಲು, ಪಾಚಿ ತಿಂದೇ ಬದುಕುವವು. ಒಂದರ ಬಾಲ ದಪ್ಪ, ಚಿಪ್ಪಿನಿಂದ ಬಹಳ ಹೊರಗೆ ಚಾಚಿತ್ತು. ಅದು ಬೆಳೆದ ಗಂಡು. ಕ್ಲಾಸಿನಲ್ಲಿ ಚಿತ್ರ ಬರೆದು ತೋರಿಸುವುದನ್ನು ಕಣ್ಣೆದುರು ಕಂಡಾಗ ನನಗೆ ಆದ ಸಂತೋಷ ಮನೆಯವರಿಗೆ ಅರ್ಥವಾಗಲಿಲ್ಲ. ಅವು ತಲೆ ತಗ್ಗಿಸಿ ಹುಲ್ಲಿನ ತುದಿ ಕತ್ತರಿಸುತ್ತವೆ. ಮೇಲೆ ಬಂದು ಫುಸ್ ಎಂದು ಒಂದು ಉಸಿರು ಬಿಟ್ಟು ಎಳೆದುಕೊಳ್ಳುತ್ತವೆ, ಮತ್ತೆ ಕೆಳಗೆ. ನಮ್ಮ ದೋಣಿಯ ಪಕ್ಕದಲ್ಲೇ ಒಂದು ತಲೆ ಎತ್ತಿತು. ಅತ್ತೆ ಕೈ ಮುಗಿದರು. ಕೂರ್ಮಾವತಾರಕ್ಕೋ ಏನೋ, ಕೇಳಲಿಲ್ಲ.

ಆ ಮೇಲೆ ಮಗಳನ್ನೂ ನನ್ನನ್ನೂ ನೀರಿಗೆ ಇಳಿಸಿದರು. ಇಳಿಯುವ ಮೊದಲು ಇಕ್ಕ ಹೇಳಿದ ನಾಲ್ಕೈದು ಮಾತು ಯಾವ ತರಬೇತಿಗೂ ಕಡಿಮೆ ಇರಲಿಲ್ಲ. ಧುಮುಕಬೇಡಿ, ಏಣಿಯಲ್ಲಿ ಇಳಿಯಿರಿ. ಆಮೆಯ ಮೇಲ್ಗಡೆ ತೇಲಬೇಡಿ, ಅದು ಉಸಿರಿಗೆ ಬರುವ ದಾರಿ. ಎದುರಿನಿಂದಲೂ ಹೋಗಬೇಡಿ. ಪಕ್ಕದಲ್ಲಿ ಇರಿ, ಎರಡು ಆಳು ಉದ್ದದಷ್ಟು ದೂರ ಬಿಟ್ಟು. ಅದು ಮೇಯುವುದು ನಿಲ್ಲಿಸಿ ನಿಮ್ಮನ್ನು ನೋಡಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಎಂದು ಲೆಕ್ಕ. ಹವಳದ ಮೇಲೆ ಕಾಲು ಊರಬೇಡಿ. ಬೇರೆ ಬೇರೆ ದೇಶಗಳಲ್ಲಿ ಮೂರು ಮೀಟರ್ ದೂರ ಎಂದು ಬೋರ್ಡ್ ಹಾಕುವುದು ಇದನ್ನೇ. ಇವರು ಬೋರ್ಡ್ ನೋಡಿ ಕಲಿತವರಲ್ಲ.

ಇಷ್ಟಾದರೂ ಇಕ್ಕನಿಗೆ ಆಮೆಯ ಮೇಲೆ ದೊಡ್ಡ ಪ್ರೀತಿ ಏನೂ ಇಲ್ಲ! ಅದು ನನಗೆ ಬಹಳ ಇಷ್ಟವಾಯಿತು. ವಾಪಸ್ ಬರುವಾಗ ಹೇಳಿದರು: "ನಿಮಗೆ ಇದು ಚೆಂದ. ನಾನು ಹುಡುಗನಿದ್ದಾಗ ಇಲ್ಲಿ ಸೊಂಟದವರೆಗೆ ಹುಲ್ಲು. ಹುಲ್ಲಿನೊಳಗೆ ಮೀನು. ಆಮೆ ತಿಂದು ತಿಂದು ನೆಲ ಕಾಣುವ ಹಾಗಾಯಿತು. ಮೀನು ಎಲ್ಲಿಗೆ ಹೋಗಬೇಕು?" ಸೊಂಟದವರೆಗೆ ಎನ್ನುವುದು ಸ್ವಲ್ಪ ಮಸಾಲೆ ಇರಬಹುದು, ಆದರೆ ದೂರು ಸುಳ್ಳಲ್ಲ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಲಕ್ಷದ್ವೀಪದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಇದನ್ನೇ ದಾಖಲಿಸಿದ್ದಾರೆ. ಆಮೆಗಳ ಸಂಖ್ಯೆ ಒಂದೇ ಲಗೂನಿನಲ್ಲಿ ಏರಿದಾಗ ಹುಲ್ಲುಗಾವಲು ಬೋಳಾಗುತ್ತದೆ, ಅದನ್ನು ನಂಬಿದ ಮೀನು ಕಡಿಮೆಯಾಗುತ್ತವೆ. ಮೇವು ಮುಗಿದರೆ ಆಮೆಗಳು ಇನ್ನೊಂದು ದ್ವೀಪದ ಲಗೂನಿಗೆ ಹೋಗುತ್ತವೆ. ಅಗತ್ತಿಯ ಹುಲ್ಲು ಬೋಳಾದದ್ದೂ ಹಾಗೆಯೇ.

ಯಜಮಾನರಿಗೆ ಅಲ್ಲಿಯವರೆಗೆ ಬೇಸರ ಬಂದಿತ್ತು, ಈ ಮಾತಿಗೆ ಕಿವಿ ನೆಟ್ಟಗಾಯಿತು. ಕಾಡುಹಂದಿ, ಮಂಗ, ನವಿಲು ಎಂದು ಶುರು ಮಾಡಿದರು. ನಮ್ಮ ತೋಟದಲ್ಲಿ ಎಳನೀರು ಉಳಿಯುವುದಿಲ್ಲ, ಬಾಳೆಗೊನೆ ಹಣ್ಣಾಗುವುದಿಲ್ಲ, ದೂರು ಕೊಡಲು ಹೋದರೆ ಅರ್ಜಿ ಫಾರಂ. ಇಬ್ಬರೂ ದಡ ಬರುವವರೆಗೆ ಮಾತಾಡಿದರು, ಒಬ್ಬರದ್ದು ದ್ವೀಪದ ಮಾತು ಜೆಸರಿ, ಇನ್ನೊಬ್ಬರದ್ದು ಕಾಸರಗೋಡಿನ ಮಲಯಾಳ. ಕೊನೆಗೆ ಇಕ್ಕ ಹೇಳಿದ್ದು: "ಮೊದಲೆಲ್ಲ ಇದನ್ನು ಹಿಡಿದು ಎಣ್ಣೆ ತೆಗೆದು ದೋಣಿಗೆ ಹಚ್ಚುತ್ತಿದ್ದರು. ಈಗ ನಿಮ್ಮನ್ನು ಕರೆದುಕೊಂಡು ಬಂದು ತೋರಿಸುತ್ತೇನೆ. ಮೀನಿನ ಲೆಕ್ಕದಲ್ಲಿ ಹೋದದ್ದು ಇಲ್ಲಿ ಸ್ವಲ್ಪ ಬರಲಿ." ನನಗೆ ಇದು ನ್ಯಾಯ ಅನಿಸಿತು. ಆಮೆ ನೋಡಲು ಕೊಡುವ ದುಡ್ಡು ಆಮೆಯಿಂದ ನಷ್ಟ ಆದವರ ಕೈಗೆ ಹೋಗಬೇಕು. ದೋಣಿಯನ್ನು ಹೊರಗಿನ ಏಜೆಂಟರ ಮೂಲಕ ಮಾಡದೆ ದ್ವೀಪದವರ ಹತ್ತಿರವೇ ಗೊತ್ತುಮಾಡಿ ಎಂದು ನಾನು ಹೇಳುವುದು ಅದಕ್ಕೇ.

ನಾಲ್ಕೂವರೆ ಮಾತ್ರ ಯಾಕೆ? ಲೈಫ್ ಜಾಕೆಟಿನ ಕಾರಣಕ್ಕೆ. ಎರಡಕ್ಕೆ ಬಕಲ್ ಮುರಿದು ಹಗ್ಗ ಕಟ್ಟಿದ್ದರು. ಈಜು ಬಾರದವರನ್ನು ಕೂರಿಸುವ ದೋಣಿಯಲ್ಲಿ ಇದು ನಡೆಯದು. ನಾನು ಹೇಳಿದೆ, ಅವರು ಹೂಂ ಎಂದರು. ನೀವು ಹೋದಾಗ ಹತ್ತುವ ಮೊದಲೇ ಹಾಕಿ, ಎಳೆದು ನೋಡಿ.

ಮಾಸ್ಕ್ ವಿಷಯದಲ್ಲೂ ಸ್ವಲ್ಪ ಗಮನ ಇರಲಿ. ಮೀಸೆ ಇರುವವರಿಗೆ ಮೂಗಿನ ಕೆಳಗಿನಿಂದ ನೀರು ನುಗ್ಗುತ್ತದೆ. ಯಜಮಾನರು ಏಣಿ ಹಿಡಿದು ಒಂದು ಸಲ ಮುಖ ಮುಳುಗಿಸಿ, ಉಪ್ಪು ನೀರು ಕುಡಿದು ಮೇಲೆ ಬಂದರು. ಮೀಸೆ ತೆಗೆಯಲು ಒಪ್ಪಲಿಲ್ಲ. ಕನ್ನಡಕದವರಿಗೆ ಇನ್ನೂ ಕಷ್ಟ, ಮಾಸ್ಕಿನೊಳಗೆ ಕನ್ನಡಕ ಹಿಡಿಸುವುದಿಲ್ಲ. ಪವರ್ ಇರುವ ಮಾಸ್ಕ್ ಬರುತ್ತದೆ, ಮೊದಲೇ ತರಿಸಿಕೊಂಡರೆ ಒಳ್ಳೆಯದು. ಸನ್‌ಸ್ಕ್ರೀನ್ ಬಳಿದು ನೀರಿಗೆ ಇಳಿಯುವ ಬದಲು ಉದ್ದ ತೋಳಿನ ಅಂಗಿ ಹಾಕಿ. ಹವಳಕ್ಕೆ ಹಾನಿ ಎಂದು ಹವಾಯಿಯಲ್ಲಿ 2021ರಿಂದ ಆಕ್ಸಿಬೆನ್‌ಜೋನ್ ಇರುವ ಸನ್‌ಸ್ಕ್ರೀನ್ ಮಾರುವಂತಿಲ್ಲ. ನಾನು ಶಾಲೆಯ ಕ್ರೀಡಾಕೂಟದ ಟೀ ಶರ್ಟ್ ಹಾಕಿಕೊಂಡೆ, ಒಳಗೆ ಲೆಗ್ಗಿಂಗ್ಸ್. ಚೆಂದ ಇರಲಿಲ್ಲ, ಬೆನ್ನು ಸುಡಲೂ ಇಲ್ಲ.

ಒಂದು ಸಂಜೆ ಬೇರೆ ಯಾರೋ ಬಂದು "ರಾತ್ರಿ ಆಮೆ ಮೊಟ್ಟೆ ಇಡುವುದನ್ನು ತೋರಿಸುತ್ತೇವೆ, ಟಾರ್ಚ್ ನಮ್ಮಲ್ಲೇ ಉಂಟು" ಎಂದರು. ಟಾರ್ಚ್ ಎಂದದ್ದೇ ನಾವು ಬೇಡ ಎಂದೆವು. ಮೊಟ್ಟೆ ಇಡಲು ಮೇಲೆ ಬರುವ ಆಮೆ ಬೆಳಕು, ಓಡಾಟ ಕಂಡರೆ ಮೊಟ್ಟೆ ಇಡದೆ ವಾಪಸ್ ಕಡಲಿಗೆ ಹೋಗುತ್ತದೆ. ಮರಿಗಳದ್ದು ಇನ್ನೂ ಪಾಪ. ಕತ್ತಲಲ್ಲಿ ಹೊಳೆಯುವ ಕಡೆ ಕಡಲು ಎಂದು ಅವು ಹೋಗುವುದು, ದಡದಲ್ಲಿ ಎಲ್‌ಇಡಿ ದೀಪ ಉರಿದರೆ ಅಲ್ಲಿಗೇ ಹೋಗುತ್ತವೆ.

ದೋಣಿ ಗೊತ್ತುಮಾಡುವಾಗ ಎರಡೇ ಪ್ರಶ್ನೆ ಕೇಳಿ. ಆಮೆ ಕಂಡರೆ ಎಂಜಿನ್ ಬಂದ್ ಮಾಡುತ್ತೀರಾ? ಆಮೆಯನ್ನು ಮುಟ್ಟಲು ಬಿಡುತ್ತೀರಾ? ಎರಡನೆಯದನ್ನು ಆಸೆ ಇರುವವರ ಹಾಗೆ ಕೇಳಬೇಕು. "ಬಿಡುತ್ತೇವೆ, ಎತ್ತಿಯೂ ಕೊಡುತ್ತೇವೆ" ಎಂದರೆ ಫೋನ್ ಇಡಿ. ಬ್ರೆಡ್ ಹಾಕಿ ಮೀನು, ಆಮೆ ಕರೆಯುವವರೂ ಬೇಡ. ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿ ಎಲ್ಲ ವಾಪಸ್ ಬ್ಯಾಗಿಗೆ. ಆ ಸಣ್ಣ ದ್ವೀಪದಲ್ಲಿ ಕಸ ಬಿಸಾಡಲು ಜಾಗ ಎಲ್ಲಿದೆ?

ಇಷ್ಟು ಖರ್ಚು ಬೇಡ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ದಾರಿ ಉಂಟು. ಕಾಸರಗೋಡಿನ ಜಿಲ್ಲಾ ಪ್ರಾಣಿಯೇ ಆಮೆ ಎಂದು ಎಷ್ಟು ಜನರಿಗೆ ಗೊತ್ತು? ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಮೆದುಚಿಪ್ಪಿನ ಆಮೆಗೆ 2023ರಲ್ಲಿ ಆ ಪಟ್ಟ ಸಿಕ್ಕಿತು. ಅದು ಮರಳಿನಲ್ಲಿ ಹುದುಗಿರುವ ಜಾತಿ, ಕಾಣುವುದು ಅದೃಷ್ಟ. ಕಡಲಾಮೆ ಬೇಕಾದರೆ ನೀಲೇಶ್ವರದ ತೈಕಡಪ್ಪುರಕ್ಕೆ ಹೋಗಿ. ಅಲ್ಲಿ ನೆಯ್ತಲ್ ಎಂಬ ಸಂಘದವರು ಆಲಿವ್ ರಿಡ್ಲೆ ಆಮೆಯ ಮೊಟ್ಟೆಗಳನ್ನು ಬೇಲಿ ಹಾಕಿದ ಮರಳಿನಲ್ಲಿ ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಮೊಟ್ಟೆ ಒಡೆಯಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಮರಳು ಬಿಸಿ ಜಾಸ್ತಿ ಇದ್ದರೆ ಹೆಣ್ಣು, ತಂಪಿದ್ದರೆ ಗಂಡು. ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುವ ಟೀಚರುಗಳಿಗೆ ಒಂದು ಸೂಚನೆ: ಮರಿ ಬಿಡುವ ದಿನ ಮೊದಲೇ ನಿಗದಿ ಆಗುವುದಿಲ್ಲ, ಮರಿ ಮೇಲೆ ಬಂದ ದಿನವೇ ಬಿಡುವುದು. ಬಸ್ಸಿನವರ ಹತ್ತಿರ ಮೊದಲೇ ಮಾತಾಡಿ ಇಟ್ಟುಕೊಳ್ಳಿ, ಮಕ್ಕಳ ಫೋನಿನ ಫ್ಲ್ಯಾಶ್ ಬಸ್ಸಿನಲ್ಲೇ ಬಂದ್ ಮಾಡಿಸಿ.